ಉಳ್ಳಾಗಡ್ಡಿಗೆ ಗೊಬ್ಬರ ಕೊಡುವದೂ ಅದನ್ನು ಕೂಡಿಡುವದೂ



ಧಾರವಾಡ, ಗದಗ ಸೀಮೆಯವರು ಉಳ್ಳಾಗಡ್ಡಿ ಎಂದು ಹೇಳುವದನ್ನೇ ಮೈಸೂರು ಸೀಮೆಯವರು ಈರುಳ್ಳಿ ಎಂದೂ ಕರಾವಳಿಯವರು ನೀರುಳ್ಳಿ ಎಂದೂ ಹೇಳುತ್ತಾರೆ. ಹೆಸರು ಮೂರಾದರೂ ಗಡ್ಡೆ ಒಂದೇ. ಅದನ್ನು ಬೆಳೆಯುವವರ ಕಷ್ಟವೂ ಒಂದೇ. ಆ ಕಷ್ಟ ಯಾವದಂದರೆ, ಕೀಳುವ ಕಾಲದಲ್ಲಿ ಎಲ್ಲರ ಹೊಲದ ಗಡ್ಡೆಯೂ ಕೂಡಿ ಒಂದೇ ಸಾರಿ ಪೇಟೆಗೆ ಬಂದು ಬೀಳುವದರಿಂದ, ಚೀಲಕ್ಕೂ ಬಾಡಿಗೆಗೂ ಕೊಟ್ಟ ಹಣವಾದರೂ ಕೆಲವು ವರ್ಷಗಳಲ್ಲಿ ಹುಟ್ಟುವದಿಲ್ಲ. ನಾಲ್ಕು ತಿಂಗಳು ಕಾದರೆ ಬೆಲೆ ಬಂದೀತೆಂದು ಮನೆಯಲ್ಲಿ ಇಟ್ಟರೆ, ಗಡ್ಡೆಯೇ ಕೊಳೆತು ತಿಪ್ಪೆಗೆ ಹೋಗುತ್ತದೆ. ಮಾರಿದರೂ ನಷ್ಟ, ಇಟ್ಟರೂ ನಷ್ಟ ಎಂಬ ಇಕ್ಕಟ್ಟಿನಲ್ಲಿ ಬಿದ್ದು, ಬೀಜಕ್ಕಾಗಿ ತಂದ ಸಾಲವನ್ನು ತೀರಿಸಲಾರದ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇವೆ.

ಒಳ್ಳೆಯ ಉಗ್ರಾಣವಿಲ್ಲದ್ದೇ ಇದಕ್ಕೆ ಕಾರಣವೆಂದು ಜನರು ಹೇಳುವದುಂಟು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಯಾಕಂದರೆ ಉಳ್ಳಾಗಡ್ಡಿಯನ್ನು ಕಾಪಾಡುವ ಕೆಲಸವು ಉಗ್ರಾಣದ ಬಾಗಲಲ್ಲಿ ಆರಂಭವಾಗುವದಿಲ್ಲ. ಹೊಲದಲ್ಲಿ, ಗೊಬ್ಬರ ಹಾಕುವ ದಿವಸದಲ್ಲಿಯೇ ಆರಂಭವಾಗುತ್ತದೆ. ತಪ್ಪಾಗಿ ಉಣಿಸಿದ ಗಡ್ಡೆಯನ್ನು ಎಂಥ ಉಗ್ರಾಣವೂ ಉಳಿಸಲಾರದು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಪಾಠವನ್ನು ಓದಬೇಕೆಂದು ಕೇಳಿಕೊಳ್ಳುತ್ತೇವೆ.

1. ಗಡ್ಡೆ ಎಂದರೇನು?

ಒಂದು ಗಡ್ಡೆಯನ್ನು ನಡುವೆ ಸೀಳಿ ನೋಡಿರಿ. ಒಂದರೊಳಗೊಂದು ಸುತ್ತಿಕೊಂಡ ಪದರಗಳು ಕಾಣುತ್ತವೆ. ಅವು ಎಲೆಗಳ ಬುಡಗಳೇ ಹೊರತು ಬೇರಲ್ಲ. ಗಿಡವು ಮುಂದೆ ಹೂ ಬಿಟ್ಟು ಬೀಜ ಕಟ್ಟುವದಕ್ಕಾಗಿ ತನ್ನ ಆಹಾರವನ್ನು ಆ ಬುಡಗಳಲ್ಲಿ ಕೂಡಿಡುತ್ತದೆ. ಬೆಳೆ ಬಲಿತಾಗ ಎಲೆಗಳು ಬಾಡಿ, ಕುತ್ತಿಗೆಯು ಮೆತ್ತಗಾಗಿ ಬಾಗಿ ಬೀಳುತ್ತದೆ. ಆ ಕುತ್ತಿಗೆ ಒಣಗಿ ಬಿಗಿಯಾದಾಗ ಗಡ್ಡೆಯ ಬಾಯಿ ಮುಚ್ಚಿದಂತಾಗುತ್ತದೆ. ಹೊರಗಿನ ಪದರಗಳು ಒಣಗಿ ಕಾಗದದಂಥ ಸಿಪ್ಪೆಯಾಗುತ್ತವೆ. ಆಮೇಲೆ ಗಡ್ಡೆಯು ಕೆಲವು ತಿಂಗಳು ನಿದ್ರೆಯಲ್ಲಿದ್ದ ಹಾಗೆ ಇರುತ್ತದೆ.

ಆದರೆ ಅದು ಸತ್ತದ್ದಲ್ಲ, ಜೀವವುಳ್ಳದ್ದು. ನಿದ್ರೆಯಲ್ಲಿರುವ ಮನುಷ್ಯನು ಉಸಿರಾಡುವ ಪ್ರಕಾರ ಗಡ್ಡೆಯೂ ಉಸಿರಾಡುತ್ತದೆ, ಬಿಸಿಯನ್ನೂ ತೇವವನ್ನೂ ಹೊರಗೆ ಬಿಡುತ್ತದೆ. ಈ ಬಿಸಿಗೂ ತೇವಕ್ಕೂ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಬೂಷ್ಟು ಬರುವದು, ಕೊಳೆಯುವದು, ಮೊಳೆಯುವದು. ಆದಕಾರಣ ಕೂಡಿಡುವ ಗಡ್ಡೆಗೆ ಮೂರು ಗುಣಗಳು ಬೇಕು: ಮುಚ್ಚಿದ ಕುತ್ತಿಗೆ, ಗಟ್ಟಿಯಾದ ಸಿಪ್ಪೆ, ನೀರು ಹೆಚ್ಚಾಗದ ಒಳಗಿನ ತಿರುಳು. ಈ ಮೂರೂ ಗೊಬ್ಬರದಿಂದ ಕೆಡಬಹುದು, ಗೊಬ್ಬರದಿಂದಲೇ ಚೆನ್ನಾಗಲೂಬಹುದು.

2. ನಾವು ಮಾಡಿದ ತಪ್ಪು

ಈ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಒಂದು ವರ್ಷ ಹಿಂಗಾರಿಯಲ್ಲಿ ನಾವು ಬಾವಿಯ ಕೆಳಗೆ ಉಳ್ಳಾಗಡ್ಡಿಯನ್ನು ನಾಟಿ ಮಾಡಿದೆವು. ನಾಟಿಯಾಗಿ ಎಪ್ಪತ್ತೈದು ದಿವಸಗಳಾದಾಗ ನೆರೆಯವರ ಹೊಲವು ಕಪ್ಪು ಹಸುರಾಗಿಯೂ ನಮ್ಮದು ತುಸು ಬೆಳ್ಳಗೆಯೂ ಕಂಡಿತು. ಅದನ್ನು ಸಹಿಸಲಾರದೆ, ಯಾರನ್ನೂ ಕೇಳದೆ, ಎಕರೆಗೆ ಒಂದು ಚೀಲ ಯೂರಿಯಾ ಎರಚಿ ನೀರು ಬಿಟ್ಟೆವು. ಎಂಟು ದಿವಸಗಳಲ್ಲಿ ಹೊಲವು ನೋಡುವವರ ಕಣ್ಣು ತುಂಬುವ ಹಾಗಾಯಿತು. ಗಡ್ಡೆಗಳು ದಪ್ಪವಾದವು. ದಾರಿಯಲ್ಲಿ ಹೋಗುವವರು ನಿಂತು ಹೊಗಳಿದರು, ನಾವೂ ಹಿಗ್ಗಿದೆವು.

ಆದರೆ ಕೀಳುವ ಕಾಲ ಬಂದರೂ ಎಲೆಗಳು ಬೀಳಲಿಲ್ಲ. ಕುತ್ತಿಗೆಗಳು ಹೆಬ್ಬೆರಳಿನಷ್ಟು ದಪ್ಪವಾಗಿ ನೆಟ್ಟಗೆ ನಿಂತಿದ್ದವು. ಪೇಟೆಯಲ್ಲಿ ಬೆಲೆ ಬಿದ್ದಿತ್ತು. ಆದದರಿಂದ ಕಿತ್ತದ್ದನ್ನೆಲ್ಲಾ ಮನೆಗೆ ತಂದು ಕೂಡಿಟ್ಟೆವು. ಆ ವೇಳೆಯಲ್ಲಿ ನಮ್ಮ ಕೇರಿಯ ವೃದ್ಧೆಯೊಬ್ಬಳು ಬಂದು, ಒಂದು ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಯಪ್ಪಾ, ಇದರ ಬಾಯಿ ಇನ್ನೂ ಮುಚ್ಚಿಲ್ಲ. ಬಾಯಿ ತೆರೆದ ಗಡಿಗೆಯೊಳಗೆ ನೊಣ ಬೀಳದೆ ಇದ್ದೀತೇ?” ಎಂದಳು. ನಾವು ನಕ್ಕು ಸುಮ್ಮನಾದೆವು. ಆಷಾಢದ ಮಳೆಗೆ ರಾಶಿಯ ಕೆಳಗಿನಿಂದ ನೀರು ಜಿನುಗಿತು. ಶ್ರಾವಣದಲ್ಲಿ ಮನೆಯೊಳಗೆ ನಿಲ್ಲಲಾರದಷ್ಟು ನಾತವಾಯಿತು. ಅರ್ಧಕ್ಕಿಂತ ಹೆಚ್ಚನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿದೆವು. ಆ ವರ್ಷದ ಸಾಲವು ಮುಂದಿನ ವರ್ಷದ ಸಾಲದ ಮೇಲೆ ಕೂತಿತು.

ಕಾರಣವನ್ನು ಆಮೇಲೆ ತಿಳಿದೆವು. ಯೂರಿಯಾದಲ್ಲಿರುವ ಸಾರಜನಕವು ಎಲೆಯನ್ನು ಬೆಳೆಸುವ ಆಹಾರ. ಗಡ್ಡೆ ಕಟ್ಟುವ ಮೊದಲು ಅದು ಅಗತ್ಯ. ಎಲೆ ಚೆನ್ನಾಗಿರದಿದ್ದರೆ ಗಡ್ಡೆಯೂ ಆಗದು. ಆದರೆ ಗಡ್ಡೆ ಬಲಿಯುವ ಕಾಲದಲ್ಲಿ ಅದನ್ನು ಕೊಟ್ಟರೆ ಗಿಡವು ಮುದಿಯಾಗುವದನ್ನು ಮರೆತು ಪುನಃ ಎಲೆಯನ್ನೇ ಬೆಳೆಸುತ್ತದೆ. ಕುತ್ತಿಗೆ ಮುಚ್ಚುವದಿಲ್ಲ, ಸಿಪ್ಪೆ ತೆಳ್ಳಗಾಗುತ್ತದೆ, ತಿರುಳಿನಲ್ಲಿ ನೀರು ಹೆಚ್ಚುತ್ತದೆ. ತೆರೆದ ಕುತ್ತಿಗೆಯ ದಾರಿಯಾಗಿ ಕೊಳೆರೋಗವು ಒಳಗೆ ಇಳಿಯುತ್ತದೆ.

3. ಕೊಟ್ಟಿಗೆಯ ಗೊಬ್ಬರ

ಉಳ್ಳಾಗಡ್ಡಿಯ ಬೇರುಗಳು ಆಳಕ್ಕೆ ಹೋಗತಕ್ಕವುಗಳಲ್ಲ; ಹೆಚ್ಚಿನವು ಮೇಲಿನ ಒಂದು ಗೇಣಿನ ಮಣ್ಣಿನಲ್ಲಿಯೇ ಇರುತ್ತವೆ. ಆದದರಿಂದ ಆ ಮೇಲ್ಮಣ್ಣು ಸಡಿಲವಾಗಿಯೂ ಸಾರವುಳ್ಳದ್ದಾಗಿಯೂ ಇರಬೇಕು, ನೀರು ನಿಲ್ಲಬಾರದು. ಇದಕ್ಕೆ ಕೊಟ್ಟಿಗೆಯ ಗೊಬ್ಬರಕ್ಕಿಂತ ಉತ್ತಮವಾದದ್ದಿಲ್ಲ. ಎಕರೆಗೆ ಸುಮಾರು 6 ಟನ್ನು ಬೇಕು. ಅರ್ಧ ಟನ್ನು ಹಿಡಿಯುವ ಎತ್ತಿನ ಗಾಡಿಯಾದರೆ 12 ಗಾಡಿ. ನಾಟಿಗೆ ಮೂರು ನಾಲ್ಕು ವಾರಗಳ ಮುಂಚೆ ಅದನ್ನು ಹರಡಿ ಮಣ್ಣಿನಲ್ಲಿ ಬೆರಸಬೇಕು.

ಅದು ಪೂರ್ಣವಾಗಿ ಕಳಿತದ್ದಾಗಿರಬೇಕು ಎಂಬದನ್ನು ಒತ್ತಿ ಹೇಳುತ್ತೇವೆ. ಹಸೀ ಸೆಗಣಿಯಲ್ಲಿ ಕಳೆಯ ಬೀಜಗಳೂ ಹುಳುಗಳೂ ಇರುತ್ತವೆ. ಅದು ಮಣ್ಣಿನಲ್ಲಿ ಕಳಿಯುವಾಗ ಬಿಸಿಯಾಗಿ ಎಳೇ ಬೇರುಗಳನ್ನು ಸುಡುತ್ತದೆ. ಕಳಿತ ಗೊಬ್ಬರವು ಕಪ್ಪಾಗಿ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯುಳ್ಳದ್ದಾಗಿ ಇರುತ್ತದೆ. ಕೈಯಲ್ಲಿ ಹಿಡಿದರೆ ಸೆಗಣಿಯ ನಾತ ಬರಬಾರದು.

ನಮ್ಮ ತಿಪ್ಪೆಗಳು ಬಿಸಿಲಿಗೂ ಮಳೆಗೂ ತೆರೆದುಕೊಂಡಿರುವದರಿಂದ ಅವುಗಳ ಸಾರವು ಅರ್ಧ ಗಾಳಿಗೂ ಅರ್ಧ ಚರಂಡಿಗೂ ಹೋಗುತ್ತದೆ. ಇದಕ್ಕೆ ಉಪಾಯವು ನಮ್ಮ ದೇಶದಲ್ಲಿಯೇ ಕಂಡುಹಿಡಿಯಲ್ಪಟ್ಟಿದೆ. 1939 ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಆಚಾರ್ಯರು ಒಂದು ಕ್ರಮವನ್ನು ತೋರಿಸಿದರು. ಅದಕ್ಕೆ ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಹೆಸರು. ಹೇಗಂದರೆ, ಸುಮಾರು ಮೂರು ಅಡಿ ಆಳದ ಗುಂಡಿಯಲ್ಲಿ ಕಸಕಡ್ಡಿಯ ಒಂದು ಪದರ, ಅದರ ಮೇಲೆ ಸೆಗಣಿಯ ಒಂದು ತೆಳು ಪದರ, ಹೀಗೆ ತುಂಬುತ್ತಾ ಬಂದು, ಕಡೆಗೆ ಮಣ್ಣು ಮುಚ್ಚಿ ಕೆಸರಿನಿಂದ ಮೆತ್ತಿಬಿಡುವದು. ಮೇಲೆ ಕೆಳಗೆ ಮಾಡುವ ಕೆಲಸವಿಲ್ಲ; ಆರರಿಂದ ಎಂಟು ತಿಂಗಳಿನಲ್ಲಿ ಗೊಬ್ಬರವಾಗುತ್ತದೆ. ಆಳು ಸಿಗದ ಈ ಕಾಲದಲ್ಲಿ ಇದು ಬಡ ಒಕ್ಕಲಿಗನಿಗೆ ದೊಡ್ಡ ಸಹಾಯ. ಬೇಸಿಗೆಯ ಆರಂಭದಲ್ಲಿ ಮುಚ್ಚಿದ ಗುಂಡಿಯು ಹಿಂಗಾರಿಯ ನಾಟಿಗೆ ಸಿದ್ಧವಾಗಿರುವದು.

4. ಚೀಲದ ಗೊಬ್ಬರ: ಅಳತೆಯೂ ಕಾಲವೂ

ಕೊಟ್ಟಿಗೆಯ ಗೊಬ್ಬರದ ಸಂಗಡ ಚೀಲದ ಗೊಬ್ಬರವೂ ಬೇಕಾಗುವದು. ನಿಮ್ಮ ಮಣ್ಣನ್ನು ಮೊದಲು ಪರೀಕ್ಷೆಗೆ ಕೊಟ್ಟು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವದು ಎಲ್ಲಕ್ಕಿಂತ ಒಳ್ಳೇದು. ಪರೀಕ್ಷೆ ಮಾಡಿಸದವರು ನೀರಾವರಿಯ ಹಿಂಗಾರಿ ಬೆಳೆಗೆ, ಒಂದು ಎಕರೆಗೆ, ಈ ಕೆಳಗಿನ ಅಳತೆಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

ನಾಟಿಯ ಕಾಲದಲ್ಲಿ: ಸಿಂಗಲ್ ಸೂಪರ್ ಫಾಸ್ಫೇಟು 100 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 40 ಕಿಲೋ, ಯೂರಿಯಾ 35 ಕಿಲೋ.
ನಾಟಿಯಾಗಿ 30 ದಿವಸಗಳಿಗೆ: ಯೂರಿಯಾ 30 ಕಿಲೋ.
ನಾಟಿಯಾಗಿ 45 ದಿವಸಗಳಿಗೆ: ಯೂರಿಯಾ 30 ಕಿಲೋ.
ಆಮೇಲೆ: ಯೂರಿಯಾ ಬೇಡ.

ಒಟ್ಟು ಯೂರಿಯಾ 95 ಕಿಲೋ, ಅಂದರೆ ಈಗಿನ 45 ಕಿಲೋ ಚೀಲದ ಲೆಕ್ಕದಲ್ಲಿ ಎರಡು ಚೀಲಕ್ಕೆ ತುಸು ಹೆಚ್ಚು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುತ್ತದೆ. ಹೀಗೆ ಬೆಳೆಗೆ ಸಿಕ್ಕುವದು ಸುಮಾರು 44 ಕಿಲೋ. ಇದು ಸಾಕು. ಅರವತ್ತು ದಿವಸಗಳು ದಾಟಿದ ಮೇಲೆ ಒಂದು ಹಿಡಿಯನ್ನಾದರೂ ಹಾಕಬಾರದು. ನೆರೆಯವರ ಹೊಲ ಹೇಗೇ ಕಾಣಲಿ, ಈ ನಿಯಮವನ್ನು ಮೀರಬೇಡಿರಿ.

ಸೂಪರ್ ಫಾಸ್ಫೇಟನ್ನು ಯಾಕೆ ಹೇಳಿದೆವು? ಅದರಲ್ಲಿ ರಂಜಕವಲ್ಲದೆ ನೂರಕ್ಕೆ ಸುಮಾರು 11 ಪಾಲು ಗಂಧಕವೂ ಉಂಟು. ಉಳ್ಳಾಗಡ್ಡಿಯ ಖಾರವೂ ಅದನ್ನು ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವ ಗುಣವೂ ಗಂಧಕದಿಂದಲೇ ಬಂದವುಗಳು. ಗಂಧಕದ ಕೊರತೆಯುಳ್ಳ ಮಣ್ಣಿನಲ್ಲಿ ಬೆಳೆದ ಗಡ್ಡೆಯು ಸಪ್ಪೆಯಾಗಿರುವದಲ್ಲದೆ ಬಾಳಿಕೆಯಲ್ಲಿಯೂ ಹಿಂದೆ ಬೀಳುತ್ತದೆ. ಡಿ.ಎ.ಪಿ. ಗೊಬ್ಬರದಲ್ಲಿ ಈ ಗಂಧಕವಿಲ್ಲ. ಅದನ್ನೇ ಹಾಕುವವರು ಗಂಧಕವನ್ನು ಬೇರೆಯಾಗಿ ಕೊಡಬೇಕು, ಮತ್ತು ಅದರಲ್ಲಿ ಸಾರಜನಕವೂ ಇರುವದರಿಂದ ನಾಟಿಯ ಕಾಲದ ಯೂರಿಯಾವನ್ನು ಅಷ್ಟಕ್ಕೆ ತಕ್ಕಂತೆ ಕಡಿಮೆ ಮಾಡಬೇಕು.

5. ನೀರು ನಿಲ್ಲಿಸುವದು, ಕೀಳುವದು, ಒಣಗಿಸುವದು

ಕೂಡಿಡುವದಕ್ಕೆ ತಕ್ಕದ್ದು ಹಿಂಗಾರಿಯ ಬೆಳೆ. ಮುಂಗಾರಿಯ ಬೆಳೆಯನ್ನು ಕೀಳುವ ಕಾಲದಲ್ಲಿ ಹಿಂಗಾರು ಮಳೆಯು ಬರುವದರಿಂದ ಅದು ಚೆನ್ನಾಗಿ ಒಣಗುವದಿಲ್ಲ. ಅದನ್ನು ಒಣಗಿಸಿದ್ದಷ್ಟು ಒಣಗಿಸಿ ಬೇಗ ಮಾರಿಬಿಡುವದು ಲೇಸು. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಬೆಳೆಯುವದು ಮುಂಗಾರಿಯ ಗಡ್ಡೆಯೇ ಆದ್ದರಿಂದ ಈ ಭೇದವನ್ನು ಎಲ್ಲರೂ ತಿಳಿದಿರಬೇಕು. ಬೀಜವನ್ನು ಆರಿಸುವಾಗಲೂ ಬಾಳಿಕೆ ಬರುವ ಜಾತಿಯನ್ನು ಆರಿಸಿಕೊಳ್ಳಿರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾಲಯದ ಅರ್ಕಾ ನಿಕೇತನ, ಪುಣೆ ಜಿಲ್ಲೆಯ ರಾಜಗುರುನಗರದ ಸಂಶೋಧನಾಲಯದ ಭೀಮಾ ಶಕ್ತಿ, ಭೀಮಾ ಕಿರಣ ಎಂಬವುಗಳು ಇಂಥವು.

ಕೀಳುವ 10 ರಿಂದ 15 ದಿವಸಗಳ ಮುಂಚೆ ನೀರನ್ನು ನಿಲ್ಲಿಸಬೇಕು. ತೂಕ ಬರಲೆಂದು ಕಡೇ ಗಳಿಗೆಯ ತನಕ ನೀರು ಬಿಡುವವರಿದ್ದಾರೆ. ಆ ತೂಕವು ತಕ್ಕಡಿಗೆ ಬರುವ ಮೊದಲೇ ಕೊಳೆತು ಹೋಗುವ ತೂಕ. ಹೊಲದಲ್ಲಿ ಅರ್ಧದಷ್ಟು ಗಿಡಗಳ ಕುತ್ತಿಗೆ ತಾನಾಗಿ ಬಾಗಿ ಬಿದ್ದಾಗ ಕೀಳಿರಿ. ಕೈಯಿಂದ ತುಳಿದು ಬೀಳಿಸಿದ ಕುತ್ತಿಗೆ ಲೆಕ್ಕಕ್ಕೆ ಬಾರದು.

ಕಿತ್ತ ಗಡ್ಡೆಯನ್ನು ಎಲೆಗಳ ಸಂಗಡವೇ ಹೊಲದಲ್ಲಿ ಸಾಲಾಗಿ ಮೂರರಿಂದ ಐದು ದಿವಸ ಹರಡಬೇಕು. ಒಂದು ಸಾಲಿನ ಎಲೆಗಳು ಮುಂಚಿನ ಸಾಲಿನ ಗಡ್ಡೆಗಳನ್ನು ಮುಚ್ಚುವ ಹಾಗೆ ಇಟ್ಟರೆ ಉರಿಬಿಸಿಲು ಗಡ್ಡೆಯನ್ನು ಸುಡುವದಿಲ್ಲ. ಆಮೇಲೆ ಗಡ್ಡೆಯ ಮೇಲೆ ಸುಮಾರು ಒಂದು ಅಂಗುಲ ಕುತ್ತಿಗೆಯನ್ನು ಬಿಟ್ಟು ಎಲೆಯನ್ನು ಕೊಯ್ಯಿರಿ. ಬುಡಕ್ಕೆ ಸರಿಯಾಗಿ ಕೊಯ್ದರೆ ಮುಚ್ಚಿದ ಬಾಯನ್ನು ನಾವೇ ತೆರೆದಂತಾಗುವದು. ಅನಂತರ ಮರದ ಕೆಳಗಾಗಲಿ ಚಪ್ಪರದ ಕೆಳಗಾಗಲಿ ಗಾಳಿಯಾಡುವ ನೆರಳಿನಲ್ಲಿ 10 ರಿಂದ 12 ದಿವಸ ತೆಳ್ಳಗೆ ಹರಡಿ ಒಣಗಿಸಬೇಕು. ಸಿಪ್ಪೆಯು ಕೈಯಲ್ಲಿ ಸರಸರನೆ ಸದ್ದು ಮಾಡಿ, ಕುತ್ತಿಗೆಯನ್ನು ಬೆರಳುಗಳಿಂದ ಒತ್ತಿದರೆ ಒಳಗೆ ಏನೂ ಜಾರದಿದ್ದರೆ ಒಣಗಿತೆಂದು ತಿಳಿಯಬೇಕು.

6. ಆರಿಸುವದು

ಎಲ್ಲಾ ಗಡ್ಡೆಗಳನ್ನೂ ಕೂಡಿಡತಕ್ಕದ್ದಲ್ಲ. ಕುತ್ತಿಗೆ ದಪ್ಪವಾದವು, ಜೋಡಿಗಡ್ಡೆಗಳು, ಹೂವಿನ ದಂಟು ಬಂದವು, ಗುದ್ದಲಿ ತಾಗಿದವು, ಎತ್ತರದಿಂದ ಬಿದ್ದು ಜಜ್ಜಿದವು ಇವುಗಳನ್ನು ಮೊದಲೇ ಬೇರೆ ಮಾಡಿ ತಿನ್ನುವದಕ್ಕೂ ಮಾರುವದಕ್ಕೂ ಇಡಿರಿ. ಮಧ್ಯಮ ಗಾತ್ರದ, ಗಟ್ಟಿಯಾದ, ಕುತ್ತಿಗೆ ಸಣ್ಣಗಿರುವ ಗಡ್ಡೆಗಳೇ ಬಹುಕಾಲ ಬಾಳುತ್ತವೆ. ದೊಡ್ಡದನ್ನು ಕಂಡು ಹಿಗ್ಗಿ ಅದನ್ನೇ ಒಳಗಿಟ್ಟು ಸಣ್ಣದನ್ನು ಮಾರುವದು ನಮ್ಮಲ್ಲಿ ರೂಢಿಯಾಗಿದೆ. ಆ ರೂಢಿಯನ್ನು ಬಿಡಬೇಕು. ಆರಿಸುವಾಗ ಬುಟ್ಟಿಯಿಂದ ಸುರಿಯಬೇಡಿರಿ. ಕೋಳಿಯ ಮೊಟ್ಟೆಯನ್ನು ಇಡುವ ಹಾಗೆ ಇಡಿರಿ.

7. ಉಗ್ರಾಣ

ಉಗ್ರಾಣಕ್ಕೆ ಬಹಳ ಹಣ ಬೇಕಾಗಿಲ್ಲ, ಗಾಳಿ ಬೇಕು. ಕಂಬಗಳ ಮೇಲೆ ನೆಲದಿಂದ ಎರಡು ಅಡಿ ಎತ್ತರದಲ್ಲಿ ಬಿದಿರಿನ ಅಟ್ಟಣೆಯನ್ನು ಮಾಡಿ, ಬಿದಿರುಗಳ ನಡುವೆ ಗಾಳಿ ಬರುವಷ್ಟು ಸಂದು ಬಿಡಿರಿ. ಗೋಡೆಯ ಬದಲಾಗಿ ಬಿದಿರಿನ ತಟ್ಟಿಗಳಿರಲಿ. ಅಗಲವು ನಾಲ್ಕು ಅಡಿಗೆ ಮೀರಬಾರದು. ಮೀರಿದರೆ ನಡುವಿನ ಗಡ್ಡೆಗೆ ಗಾಳಿ ತಲಪದು. ರಾಶಿಯ ಎತ್ತರವೂ ನಾಲ್ಕು ಅಡಿಯ ಸುತ್ತುಮುತ್ತ ಇರಲಿ. ಹೆಚ್ಚಾದರೆ ಕೆಳಗಿನವು ಭಾರಕ್ಕೆ ಜಜ್ಜಿಹೋಗುವವು. ಉದ್ದವನ್ನು ಬೇಕಾದಷ್ಟು ಮಾಡಬಹುದು. ಉಗ್ರಾಣವು ಮನೆಗಳ ಮರೆಯಲ್ಲಿರದೆ, ಮಳೆಯ ನೀರು ನಿಲ್ಲದ ಎತ್ತರದ ಬಯಲಿನಲ್ಲಿರಬೇಕು.

ಮೇಲೆ ಹುಲ್ಲಾಗಲಿ ಹೆಂಚಾಗಲಿ ಹಾಕಬೇಕು. ಬರೀ ತಗಡು ಬಿಸಿಲಿಗೆ ಕಾದು ಒಳಗಿನ ಗಡ್ಡೆಯನ್ನು ಬೇಯಿಸುತ್ತದೆ. ತಗಡೇ ಇದ್ದವರು ಅದರ ಮೇಲೆ ಸೋಗೆಯನ್ನಾಗಲಿ ಹುಲ್ಲನ್ನಾಗಲಿ ಹೊದಿಸಲಿ. 1865 ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ಕಾರ್ಖಾನೆಯಲ್ಲಿ ಸುಡಲಾರಂಭಿಸಿದ ಆ ಕೆಂಪು ಹೆಂಚು ಇಂಥ ಮಾಡಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಹಳೇ ಮನೆ ಕೆಡವುವವರ ಬಳಿಯಲ್ಲಿ ಅದು ಕಡಿಮೆ ಬೆಲೆಗೆ ಸಿಕ್ಕಿದರೆ ಬಿಡಬೇಡಿರಿ. ಮಾಡು ಮೂರು ಅಡಿಯಷ್ಟು ಹೊರಗೆ ಚಾಚಿದ್ದರೆ ಮಳೆಯ ಎರಚಲು ತಟ್ಟಿಗೆ ತಾಗದು.

ಗಡ್ಡೆಗೆ ಹಿತವಾದ ಬಿಸಿ 25 ರಿಂದ 30 ಡಿಗ್ರಿ. ಗಾಳಿಯ ತೇವ ನೂರಕ್ಕೆ 65 ರಿಂದ 70. ತೇವ ಇದಕ್ಕಿಂತ ಹೆಚ್ಚಾದರೆ ಕಪ್ಪು ಬೂಷ್ಟು ಹಿಡಿಯುವದು, ಬೇರು ಬರುವದು. ಹವೆ ತಂಪಾದರೆ ನಿದ್ರೆ ಕಳೆದು ಮೊಳಕೆ ಬರುವದು. ಅತಿ ತಂಪಾದ ಯಂತ್ರದ ಕೋಣೆಗಳಲ್ಲಿ ಸಹ ಇಡುವದುಂಟು, ಆದರೆ ಅದು ನಮ್ಮ ಪಾಠಕ್ಕೆ ಸೇರಿದ್ದಲ್ಲ. ಗೋಣಿಚೀಲದಲ್ಲಿ ತುಂಬಿ ಮೂಲೆಯಲ್ಲಿ ಒಟ್ಟಬೇಡಿರಿ. ಪ್ಲಾಸ್ಟಿಕಿನ ಹಾಳೆಯನ್ನು ಮೈಗೆ ತಾಗುವಂತೆ ಹೊದಿಸಬೇಡಿರಿ. ಆಲೂಗಡ್ಡೆಯ ಸಂಗಡ ಇಡಬೇಡಿರಿ. ಮನೆಯ ಉಪಯೋಗಕ್ಕೆ ಸ್ವಲ್ಪವೇ ಇಡುವವರು ಎಲೆಗಳನ್ನು ಕೊಯ್ಯದೆ ಜಡೆ ಹೆಣೆದು, ಹೊಗೆ ಗಾಳಿ ಆಡುವ ಜಂತಿಗೆ ತೂಗಹಾಕುವ ಅಜ್ಜಿಯರ ಕ್ರಮವನ್ನೇ ಅನುಸರಿಸಲಿ. ಅದು ಬಹಳ ಬುದ್ಧಿಯುಳ್ಳ ಕ್ರಮ.

ಒಳಗಿಟ್ಟ ಮೇಲೆ ಮರೆತುಬಿಡಬಾರದು. ಹದಿನೈದು ದಿವಸಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ತಟ್ಟಿಯ ಬಳಿಯಲ್ಲಿ ನಿಂತು ಮೂಸಿ ನೋಡಿರಿ. ನಾತ ಬಂದ ಕಡೆಯಲ್ಲಿ ಕೈಯಿಟ್ಟು ಕೊಳೆತದ್ದನ್ನು ತೆಗೆಯಿರಿ; ಒಂದು ಕೊಳೆತ ಗಡ್ಡೆಯ ನೀರು ಹತ್ತು ಗಡ್ಡೆಗಳನ್ನು ಕೆಡಿಸುತ್ತದೆ. ಮೊಳಕೆ ಕಾಣಿಸಲಾರಂಭಿಸಿದರೆ ಇನ್ನು ಕಾಯದೆ ಮಾರುವದೇ ವಿವೇಕ.

8. ಎಚ್ಚರಿಕೆಯ ಒಂದು ಮಾತು

ಕೂಡಿಟ್ಟವರಿಗೆಲ್ಲಾ ಲಾಭವಾಗುವದೆಂದು ನಾವು ಮಾತು ಕೊಡುವದಿಲ್ಲ. ಬೆಲೆಯು ನಮ್ಮ ಕೈಯಲ್ಲಿಲ್ಲ. 2023 ನೇ ಡಿಸೆಂಬರದಲ್ಲಿ ಸರಕಾರವು ಉಳ್ಳಾಗಡ್ಡಿಯನ್ನು ಪರದೇಶಗಳಿಗೆ ಕಳುಹಿಸಬಾರದೆಂದು ತಡೆದು, 2024 ನೇ ಮೇ ತಿಂಗಳಿನಲ್ಲಿ ಆ ತಡೆಯನ್ನು ತೆಗೆಯಿತು. ಇಂಥವುಗಳನ್ನು ಹೊಲದಲ್ಲಿರುವವನು ಮುಂದಾಗಿ ತಿಳಿಯಲಾರನು. ಹೀಗಿರುವದರಿಂದ ಇದ್ದದ್ದನ್ನೆಲ್ಲಾ ಒಂದೇ ದಿವಸ ಮಾರುವದೂ ಬೇಡ, ಇದ್ದದ್ದನ್ನೆಲ್ಲಾ ಕಡೇ ತನಕ ಹಿಡಿಯುವದೂ ಬೇಡ. ಸಾಲದ ಕಂತಿಗೂ ಮನೆಯ ಖರ್ಚಿಗೂ ಬೇಕಾದಷ್ಟನ್ನು ಮೊದಲು ಮಾರಿರಿ. ಉಳಿದದ್ದರಲ್ಲಿ ಒಳ್ಳೇದನ್ನು ಇಟ್ಟು, ಎರಡು ಮೂರು ಸಾರಿಯಾಗಿ ಹೊರಗೆ ತೆಗೆಯಿರಿ. ಕೂಡಿಡುವದರ ಮುಖ್ಯ ಪ್ರಯೋಜನ ಯಾವದಂದರೆ, ಪೇಟೆಯಲ್ಲಿ ದಲ್ಲಾಳಿಯು ಹೇಳಿದ ಬೆಲೆಗೆ “ಈ ದಿವಸ ಬೇಡ, ತಕ್ಕೊಂಡು ಹೋಗುತ್ತೇವೆ” ಎಂದು ಹೇಳಲು ನಮಗೆ ಶಕ್ತಿಯುಂಟಾಗುವದೇ. ಕೊಳೆಯುವ ಗಡ್ಡೆಯುಳ್ಳವನಿಗೆ ಆ ಮಾತು ಬಾಯಿಗೆ ಬಾರದು.

ನಾವು ತಪ್ಪು ಮಾಡಿದ ಮರುವರ್ಷ ಅದೇ ಹೊಲದಲ್ಲಿ ನಾಲ್ವತ್ತೈದನೇ ದಿವಸಕ್ಕೆ ಯೂರಿಯಾದ ಚೀಲದ ಬಾಯಿ ಕಟ್ಟಿಬಿಟ್ಟೆವು. ಹೊಲವು ಹೊಗಳಿಸಿಕೊಳ್ಳುವಂಥದ್ದಾಗಿರಲಿಲ್ಲ, ಗಡ್ಡೆಗಳೂ ಮಧ್ಯಮವೇ. ಆ ವೃದ್ಧೆಯನ್ನು ನಾವೇ ಕರೆದು ತೋರಿಸಿದೆವು. ಆಕೆಯು ಒಂದು ಗಡ್ಡೆಯ ಕುತ್ತಿಗೆಯನ್ನು ಒತ್ತಿ ನೋಡಿ, ಏನೂ ಹೇಳದೆ, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಗಣೇಶಚೌತಿ ಕಳೆದ ಮೇಲೆಯೂ ನಮ್ಮ ಅಟ್ಟಣೆಯ ಮೇಲೆ ಮಾರತಕ್ಕ ಗಡ್ಡೆ ಇತ್ತು.

ಸಾಯಂಕಾಲ ಕೂಡಿದಾಗ ಕೇಳತಕ್ಕ ಪ್ರಶ್ನೆಗಳು

1. ಕೂಡಿಡುವ ಗಡ್ಡೆಗೆ ಬೇಕಾದ ಮೂರು ಗುಣಗಳು ಯಾವವು?
2. ತಡವಾಗಿ ಕೊಟ್ಟ ಯೂರಿಯಾದಿಂದ ಗಡ್ಡೆಯ ಕುತ್ತಿಗೆಗೆ ಏನಾಗುತ್ತದೆ? ಯಾಕೆ?
3. ಹಸೀ ಸೆಗಣಿಯನ್ನು ಯಾಕೆ ಹಾಕಬಾರದು? ಕಳಿತ ಗೊಬ್ಬರವನ್ನು ಹೇಗೆ ಗುರುತಿಸಬೇಕು?
4. ಗಂಧಕದಿಂದ ಉಳ್ಳಾಗಡ್ಡಿಗೆ ಏನು ಪ್ರಯೋಜನ?
5. ನಿಮ್ಮ ಮನೆಯಲ್ಲಿ ಗಡ್ಡೆ ಇಡುವ ಸ್ಥಳಕ್ಕೆ ಕೆಳಗಿನಿಂದ ಗಾಳಿ ಬರುವದೋ? ಇಲ್ಲದಿದ್ದರೆ ಈ ವರ್ಷ ಏನು ಮಾಡಬಹುದು?
6. ಹೋದ ವರ್ಷ ನಿಮ್ಮ ಗಡ್ಡೆಯಲ್ಲಿ ಎಷ್ಟು ಪಾಲು ಕೊಳೆಯಿತು? ಅದಕ್ಕೆ ಯಾವ ಗೊಬ್ಬರವನ್ನು ಯಾವ ದಿವಸ ಕೊಟ್ಟಿದ್ದಿರಿ? ಇವೆರಡನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ಬರುವ ವರ್ಷಕ್ಕೆ ಹೋಲಿಸಿ ನೋಡಿರಿ.